ಬಿಜಲಿಗೆ ಮನೆ ಹುಡುಕಿದ ಕಾಕಾ

ಕಾಕಾರ ಬಲ ಅಂಗೈಯಲ್ಲಿ ಹೆಬ್ಬೆರಳ ಬುಡದಿಂದ ಕಿರುಬೆರಳವರೆಗೆ ಒಂದು ಬಿಳಿ ಗೆರೆಯಿತ್ತು. ಮೊಲ ಕಂಡ ನಾಯಿ ಒಮ್ಮೆಲೇ ಹಾರಿದಾಗ ಹಗ್ಗ ಕೊರೆದ ಗುರುತು. ರೊಟ್ಟಿ ಮುರಿಯುವಾಗ ಆ ಕೈ ಪೂರ್ತಿ ಮಡಚುತ್ತಿರಲಿಲ್ಲ.

ವಲಾಂಡಿಯಲ್ಲಿ ನಮ್ಮ ಮನೆಗೆ ಹತ್ತಿದ ಮನೆ ಅವರದು. ರಕ್ತಸಂಬಂಧವಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಗಾಡಿ ಕಲಿಯಲು ಕಳಿಸಿದವರು, ಹೆಣ್ಣು ನೋಡಲು ಮುಂದೆ ನಿಂತವರು ಅವರೇ. ಕುರಿ ಕಾಯುವ ಮನುಷ್ಯ, ಒಂದು ಕಡೆ ಕೂತವರಲ್ಲ. ಚಹಾ ಕೂಡ ನಡೆದಾಡುತ್ತಲೇ ಕುಡಿಯುತ್ತಿದ್ದರು.

ಅವರ ಹಿಂದೆ ಬಿಜಲಿ. ಉದ್ದ ಮೂತಿ, ಸಣ್ಣ ನಡುವಿನ ಬೇಟೆನಾಯಿ. ಮೊಲದ ಬೇಟೆ ಬಿಟ್ಟು ವರ್ಷಗಳಾದ ಮೇಲೂ ತೋಳ ಬಂದರೆ ಹಿಂಡಿನ ಸುತ್ತ ಸುಂಟರಗಾಳಿಯಾಗುತ್ತಿತ್ತು. ಹತ್ತು ವರ್ಷ ತುಂಬುವ ಹೊತ್ತಿಗೆ ಹಿಂಗಾಲು ಎಳೆಯತೊಡಗಿತು.

ಹೋದ ದೀಪಾವಳಿಯ ಬೆನ್ನಿಗೇ ಕಾಕಾ ಕುರಿಗಳನ್ನೆಲ್ಲ ಮಾರಿದರು. ಯಾಕೆಂದು ಕೇಳಿದರೆ, "ಸಾಕಾತು" ಎಂದರು. ಮರುದಿನ ನನ್ನ ಹಾಲಿನ ಗಾಡಿಯ ಹತ್ತಿರ ಬಂದು, "ಬಿಜಲೀಗಿ ಒಂದು ಮನಿ ನೋಡಬೇಕಪಾ" ಎಂದು ನಿಂತರು. ನಾನೇನಾದರೂ ಹೇಳುವೆನೆಂದು ಕಾದರು.

"ನಮ್ಮ ಮನ್ಯಾಗ ಸಣ್ಣ ಕೂಸು ಅದ, ಕಾಕಾ."

"ನಿನಗೆಲ್ಲಿ ಕೇಳೀನಿ?" ಎಂದು ನಾಯಿಯ ಕಿವಿ ಸವರಿದರು.

ನನ್ನ ಪರಿಚಯದ ಉಮರಗಾದ ತೋಟದವರಿಗೆ ಕೊಟ್ಟೆವು. ಎಂಟು ದಿನ ಕಾಕಾ ಮನೆಗೂ ರಸ್ತೆಗೂ ತಿರುಗಿದರು. "ಮನಸ ನಿಂದರವಲ್ದು, ನಡಿ" ಎಂದು ನನ್ನನ್ನು ಎಬ್ಬಿಸಿಕೊಂಡು ಆ ತೋಟಕ್ಕೆ ಹೋದರು. ಬಿಜಲಿಗೆ ಗಿಡ್ಡ ಸರಪಳಿ ಹಾಕಿದ್ದರು. ನೀರಿನ ಬೋಗುಣಿ ಅದರ ಬಾಯಿಗೆ ಗೇಣು ದೂರ. ಕಾಕಾ ಸರಪಳಿ ಬಿಚ್ಚಿದರು.

"ಕಾಯಾಕ ತಂದೀವಿ, ಕಟ್ಟಲಾರದ ಹ್ಯಾಂಗ್ರಿ?" ಎಂದ ತೋಟದವ.

"ಇದು ಬಿಟ್ಟರ ಕಾಯತದ್ರಿ."

ಮುಂದೆ ನಿಲಂಗಾಕ್ಕೆ ಒಯ್ದೆವು. ಅಲ್ಲಿನ ತರುಣನೊಬ್ಬ ಗಾಡಿ ಹತ್ತಿ ಬಿಜಲಿಯ ಬಾಯಿ ತೆರೆದು ಹಲ್ಲು ನೋಡಿ, "ಇನ್ನೂ ಮೊಲಾ ಹಿಡೀತದೇನ್ರಿ?" ಎಂದ. ಕಾಕಾ ನಾಯಿಯನ್ನು ಕೆಳಗಿಳಿಸಲೇ ಇಲ್ಲ.

ಹಿಂದಿರುಗುವಾಗ ನನಗೆ ಸಿಟ್ಟು ಬಂತು. "ಮುದಿ ನಾಯಿ, ಕಾಕಾ. ಯಾರ ಒಯ್ದರೇನು?" ಎಂದುಬಿಟ್ಟೆ.

"ಗಾಡಿ ನಿಂದರಸು" ಎಂದು ಇಳಿದರು. ಬಿಜಲಿಯೊಂದಿಗೆ ನಡೆದೇ ಹೊರಟರು. ನಾನು ಹಿಂದೆ ಮೆಲ್ಲಗೆ ಗಾಡಿ ಬಿಟ್ಟೆ, ಅವರು ತಿರುಗಿ ನೋಡಲಿಲ್ಲ. ನಾಯಿ ಕುಂಟತೊಡಗಿದಾಗ ಕುರಿಮರಿಯ ಹಾಗೆ ಹೆಗಲ ಮೇಲೆ ಹೊತ್ತರು. ಮತ್ತೆ ಮತ್ತೆ ನಿಂತು ಕೆಮ್ಮಿದರು. ನಾಯಿಯ ಭಾರಕ್ಕೆಂದು ನಾನು ತಿಳಿದೆ. ಕೊನೆಗೆ ತಾವೇ ಬಂದು ಗಾಡಿ ಹತ್ತಿದರು.

ಉದಗೀರಿನಲ್ಲಿ ನಾನು ಹಾಲು ಇಳಿಸುವ ಓಣಿಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬರಿದ್ದರು. ದಿನವಿಡೀ ಮನೆಯಲ್ಲೇ ಇರುವವರು. ನಾವು ಒಯ್ದಾಗ ಅವರು ಬಿಜಲಿಯ ವಯಸ್ಸು ಕೇಳಲಿಲ್ಲ, ಜಾತಿ ಕೇಳಲಿಲ್ಲ. "ಇದು ಏನ ಕಂಡು ಅಂಜತದ, ಅಣ್ಣಾ?" ಎಂದರು.

ಕಾಕಾ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. "ಪಟಾಕಿಗಿ, ತಂಗಿ. ಆವಾಜ ಆದರ ಮೂಲ್ಯಾಗ ಕುಂದರತದ. ಬಾಜೂಕ ಕುಂತರ ಸಾಕು." ಹಗ್ಗವನ್ನು ಅವರ ಕೈಗಿಟ್ಟು, ಬಿಜಲಿಯ ತಲೆ ಮುಟ್ಟದೆ ಸರಸರ ನಡೆದರು.

ಮತ್ತೆ ಅಲ್ಲಿಗೆ ಬರಲಾರೆನೆಂದರು. "ನಾ ಬಂದರ ಅದು ಅಲ್ಲಿ ಹೊಂದಕೊಳ್ಳೂದಿಲ್ಲ." ಆದರೆ ದಿನಾ ನನ್ನ ಗಾಡಿಗೆ ಕಾಯುತ್ತಿದ್ದರು. ತಿಂದದೇನು? ಬಿಸಲಿಗಿ ಮಲಗಿತ್ತೋ, ನೆರಳಿಗೋ? ಒಂದು ದಿನ ಆ ಮನೆಯ ಮುಂದೆ ನನ್ನ ಬಾಯಿಂದ "ಕಾಕಾ" ಎಂದು ಬಂದುಹೋಯಿತು. ಬಿಜಲಿ ಎದ್ದು ರಸ್ತೆಯ ತುದಿಯವರೆಗೆ ಓಡಿತು. ಸಂಜೆ ಕಾಕಾರಿಗೆ, "ನಿಮ್ಮ ಖಬರ್ ಇಲ್ಲ ಅದಕ್ಕ, ಮರ್ತದ" ಎಂದೆ.

"ಛಲೋ ಆತು" ಎಂದರು. ಮುಂದೆ ಏನೂ ಕೇಳಲಿಲ್ಲ.

ಯುಗಾದಿಗೆ ಮೊದಲು ಕಾಕಾ ತೀರಿಕೊಂಡರು. ಡಾಕ್ಟರರ ಕಾಗದ ಆಮೇಲೆ ಸಿಕ್ಕಿತು. ಎದೆಯ ರೋಗ ಕುರಿ ಮಾರುವ ಮೊದಲೇ ಅವರಿಗೆ ಗೊತ್ತಿತ್ತು.

ಸುದ್ದಿ ಹೇಳಲು ಉದಗೀರಿಗೆ ಹೋದೆ. ನಾನು ಹೇಳಿದ ಸುಳ್ಳನ್ನೂ ಹೇಳಿಕೊಂಡೆ. ಆ ಹೆಣ್ಣುಮಗಳು ಹೊಲಿಗೆ ಮೆಷಿನ್ನು ನಿಲ್ಲಿಸಿದರು.

"ಹೋದ ತಿಂಗಳ ಅಣ್ಣ ಬಂದಿದ್ರು. ಆ ಬೇವಿನ ಗಿಡದ ಬುಡಕ ನಿಂತಿದ್ರು. ಕರೀಬೇಕಂದ್ರ ಕೈ ಮಾಡಿ ಬ್ಯಾಡಂದ್ರು."

"ಬಿಜಲಿ?"

"ಇಲ್ಲೇ ಬಾಗಲದಾಗ ಕಾಲು ಚಾಚಿ ಮಲಗಿತ್ತು. ಏಳಲಿಲ್ಲ. ನಾ ಎರಡು ಜಂಪರ್ ಹೊಲಿಯೂ ತನಕ ನಿಂತು ನೋಡಿ ಹೋದ್ರು."

ಹೊರಗೆ ಬಂದು ಆ ಬೇವಿನ ಮರದ ಕೆಳಗೆ ನಿಂತೆ. ಆ ಓಣಿಯಲ್ಲಿ ಯಾವಾಗಲೂ ಬೀಸುವ ಹಾಗೆ ಗಾಳಿ ಮನೆಯ ಕಡೆಯಿಂದ ನನ್ನ ಮುಖಕ್ಕೆ ಬೀಸುತ್ತಿತ್ತು. ತಮ್ಮ ವಾಸನೆ ನಾಯಿಗೆ ತಲುಪದ ಜಾಗ ಆರಿಸಿಕೊಂಡು ನಿಂತಿದ್ದರು ಕಾಕಾ.

"ಒಳಗ ಬರ್ರಿ, ಚಾ ಇಟ್ಟೀನಿ" ಎಂದು ಅವರು ಕರೆದರು. ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.