ಮದುವೆ ಕಾಗದದ ವಾಶರು

ಗದ್ದೆ ಕಳೆದುಕೊಂಡ ಸಿಟ್ಟಿಗೆ ಸಮುದ್ರಕ್ಕೆ ಇಳಿದವರು ನನ್ನ ಮಾವ. ಉಳುವವನೇ ಒಡೆಯ ಎಂಬ ಕಾನೂನು ಬಂತು, ಒಕ್ಕಲುಗಳು ಗದ್ದೆ ತಮ್ಮದೆಂದು ಡಿಕ್ಲರೇಶನ್ ಕೊಟ್ಟರು, ಗದ್ದೆಗಳಲ್ಲಿ ಮುಕ್ಕಾಲು ಪಾಲು ಕೈಬಿಟ್ಟು ಹೋಯಿತು. ಆಮೇಲೆ ಅವರಿಗೆ ನೆಲದ ಮೇಲೆಯೇ ಮುನಿಸು. ಕೆಲವು ವರ್ಷ ಚಾವಡಿಯಲ್ಲಿ ಕೂತು ಸರಕಾರವನ್ನು ಬೈದರು. ಬೈದು ಬೈದು ಬೇಸರ ಬಂದ ಮೇಲೆ, ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷಕ್ಕೆ, "ನೀರಿಗೆ ಯಾರೂ ಡಿಕ್ಲರೇಶನ್ ಕೊಡ್ಲಿಕ್ಕಿಲ್ಲ" ಎಂದು ಹೇಳಿ ಒಂದು ನಾಡದೋಣಿಯನ್ನೂ ಅದರ ಹಿಂದೆ ಸಿಕ್ಕಿಸುವ ಒಂದು ಹಳೆ ಮೋಟಾರನ್ನೂ ಕೊಂಡುಕೊಂಡರು. ಮೀನು ತಿನ್ನುವುದು ಬಿಟ್ಟರೆ ಮೀನಿನ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ನಮ್ಮಲ್ಲಿ ಮನೆಯ ಯಜಮಾನಿಕೆ ಅವರದೇ, ಅಪ್ಪಂದಿರು ಬಂದು ಹೋಗುವವರು. ನಾನು ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ, ಕೆಲಸ ಸಿಗದೆ, ಜೆಪ್ಪುವಿನ ಆ ಮನೆಯಲ್ಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮೂರು ಹೊತ್ತು ಉಂಡುಕೊಂಡಿದ್ದೆ. ಮಾವ ಮಾತ್ರ ಸಿಕ್ಕಿದವರಿಗೆಲ್ಲ ನನ್ನನ್ನು ಇಂಜಿನಿಯರ್ ಎಂದೇ ಪರಿಚಯ ಮಾಡಿಸುತ್ತಿದ್ದರು. ನಾನು ಒಮ್ಮೆಯೂ ತಿದ್ದಲಿಲ್ಲ.

ದೋಣಿ ನಡೆಸಲು ಉಳ್ಳಾಲದ ಒಬ್ಬ ತಂಡೇಲನನ್ನು ಗೊತ್ತು ಮಾಡಿದರು. ದೋಣಿಯ ಮುಖಂಡನಿಗೆ ನಮ್ಮಲ್ಲಿ ತಂಡೇಲ ಎನ್ನುತ್ತಾರೆ. ನನಗಿಂತ ಏಳೆಂಟು ವರ್ಷ ದೊಡ್ಡವನು, ಮಾತು ಕಡಿಮೆ. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಂದು ಹೆಣ್ಣು ಮಗು ಅವನಿಗಿತ್ತು. ಆ ಮಗುವಿನ ವಿಷಯ ತೆಗೆದರೆ ಮಾತ್ರ ಅವನು ಬಾಯಿ ಬಿಡುತ್ತಿದ್ದ. ಆಗ ಮುಚ್ಚಿಸುವುದು ಕಷ್ಟ.

ಈಗ ಆ ಮೋಟಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರ ತಲೆ ನೀರಿನ ಮೇಲೆ, ಬಾಲ ನೀರಿನೊಳಗೆ. ಬಾಲದ ತುದಿಯಲ್ಲಿ ನೀರು ತಳ್ಳುವ ಫ್ಯಾನು, ಅದಕ್ಕೆ ಅಂಟಿಕೊಂಡು ಗೇರುಗಳ ಗೂಡು. ಗೂಡಿನ ತುಂಬ ದಪ್ಪ ಎಣ್ಣೆ. ಹೊರಗೆ ಇಡೀ ಅರಬ್ಬಿ ಸಮುದ್ರ, ಒಳಗೆ ಅರ್ಧ ಸೇರು ಎಣ್ಣೆ, ಎರಡೂ ಸೇರಬಾರದು. ಎಣ್ಣೆ ತುಂಬಿಸಲು ಮತ್ತು ಖಾಲಿ ಮಾಡಲು ಗೂಡಿನ ಕೆಳಗೊಂದು ಸ್ಕ್ರೂ, ಮೇಲೊಂದು ಸ್ಕ್ರೂ. ಒಂದೊಂದರ ಕತ್ತಿಗೂ ಉಗುರಿನಷ್ಟು ಅಗಲದ ಒಂದು ಫೈಬರ್ ವಾಶರು. ಸಮುದ್ರವನ್ನು ಹೊರಗೆ ನಿಲ್ಲಿಸುವ ಕೆಲಸ ಆ ವಾಶರಿನದ್ದು.

ಮಾವನಿಗೆ ಗದ್ದೆ ಹೋದರೂ ಗದ್ದೆ ನೋಡುವ ಚಟ ಹೋಗಿರಲಿಲ್ಲ. ದೋಣಿಗೆ ಭಾನುವಾರ ರಜೆ. ಶನಿವಾರ ಸಂಜೆ ಇಬ್ಬರು ಮೋಟಾರನ್ನು ಹೊತ್ತು ನಮ್ಮ ಅಂಗಳಕ್ಕೆ ತರಬೇಕು, ಹೊಳೆಬದಿಯಲ್ಲಿ ಬಿಡುವಂತಿಲ್ಲ. ಭಾನುವಾರ ಬೆಳಿಗ್ಗೆ ಮಾವ ತೆಂಗಿನಕಾಯಿಯ ಒಂದು ಗೆರಟೆ ಹಿಡಿದುಕೊಂಡು ಬರುತ್ತಿದ್ದರು. ನಾನು ಕೆಳಗಿನ ಸ್ಕ್ರೂ ಬಿಚ್ಚಿ ಒಂದು ಚಮಚದಷ್ಟು ಎಣ್ಣೆ ಗೆರಟೆಗೆ ಬಿಡುತ್ತಿದ್ದೆ. ಅವರು ಅದನ್ನು ಎರಡು ಬೆರಳಿನ ನಡುವೆ ತಿಕ್ಕಿ, ಮೂಸಿ, ಹಿಂದೆ ಗೇಣಿಯ ಅಕ್ಕಿಯನ್ನು ಮೂಸುತ್ತಿದ್ದ ಅದೇ ಮುಖದಲ್ಲಿ ತಲೆಯಾಡಿಸುತ್ತಿದ್ದರು. ಜೇನಿನ ಬಣ್ಣ ಕಂಡರೆ ಆ ವಾರ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ.

"ಸುಮ್ಮನೆ ಬಿಚ್ಚಬೇಡಿ ಸಣ್ಣ ಧಣಿ," ಎಂದು ತಂಡೇಲ ಒಮ್ಮೆ ಹೇಳಿದ. "ಮುಚ್ಚಿದ್ದು ಮುಚ್ಚಿಯೇ ಇರ್ಲಿ. ಸೌಂಡ್ ಚೇಂಜ್ ಆದ್ರೆ ನಾನೇ ಹೇಳ್ತೇನೆ."

ನಾನು ಅವನಿಗೆ ಪ್ರಿವೆಂಟಿವ್ ಮೈಂಟೆನೆನ್ಸ್ ಎಂಬ ಎರಡು ಶಬ್ದ ಹೇಳಿ ಬಾಯಿ ಮುಚ್ಚಿಸಿದೆ. ಪಾಲಿಟೆಕ್ನಿಕ್ಕಿನಲ್ಲಿ ನಾನು ಸರಿಯಾಗಿ ಕಲಿತದ್ದು ಅವೆರಡೇ ಇರಬೇಕು.

ವಾರ ವಾರ ಬಿಚ್ಚಿ ಬಿಗಿದು ಬಿಗಿದು ಒಂದು ಭಾನುವಾರ ಕೆಳಗಿನ ವಾಶರು ಎರಡು ತುಂಡಾಗಿ ಕೈಗೆ ಬಂತು. ಬಂದರಿನ ಅಂಗಡಿಗಳಿಗೆಲ್ಲ ರಜೆ. ನಾಳೆ ಬೆಳಿಗ್ಗೆ ದೋಣಿ ಹೋಗಬೇಕು. ವಾಶರು ತುಂಡಾಯಿತು ಎಂದು ಮಾವನಿಗೆ ಹೇಳಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ, ಆದರೆ ಇಂಜಿನಿಯರ್ ಎಂಬ ಬಿರುದಿಗೆ ಒಂದು ಗೀರು ಬೀಳುತ್ತಿತ್ತು. ಚಾವಡಿಯ ಗೋಡೆಯ ತಂತಿಯಲ್ಲಿ ಮದುವೆ ಕಾಗದಗಳ ಒಂದು ಗೊಂಚಲೇ ನೇತಾಡುತ್ತಿತ್ತು. ಅದರಲ್ಲಿ ದಪ್ಪಗಿನದೊಂದನ್ನು ಆರಿಸಿದೆ. ಬಲ್ಮಠದ ಒಂದು ಸಭಾಭವನದಲ್ಲಿ ಆಗಿದ್ದ ಮದುವೆ, ಭರ್ಜರಿ ಕಾರ್ಡು, ಅಂಚಿಗೆಲ್ಲ ಬಂಗಾರದ ಬಣ್ಣ. ಗಣಪತಿಯ ಚಿತ್ರವನ್ನು ಕತ್ತರಿಸಬಾರದು ಎಂಬಷ್ಟು ಭಕ್ತಿ ನನ್ನಲ್ಲಿತ್ತು, ಹಾಗಾಗಿ ವಧುವಿನ ತಂದೆಯ ಹೆಸರಿದ್ದ ಜಾಗದಿಂದ ಒಂದು ಉಂಗುರ ಕತ್ತರಿಸಿ, ಎಣ್ಣೆಯಲ್ಲಿ ಅದ್ದಿ, ಸ್ಕ್ರೂವಿಗೆ ತೊಡಿಸಿ ಬಿಗಿದೆ. ವರ್ಕ್‌ಶಾಪುಗಳಲ್ಲಿ ಕಾಗದದ ಪ್ಯಾಕಿಂಗ್ ಹಾಕುವುದನ್ನು ನೋಡಿದ್ದೆ. ಅವು ಯಾವುವೂ ಸಮುದ್ರದೊಳಗೆ ಮುಳುಗಿ ಓಡುವುದಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ಸೋಮವಾರ ಹೊಸ ವಾಶರು ತರುವುದೆಂದುಕೊಂಡೆ. ಸೋಮವಾರ ಮರೆತೆ.

ಎರಡು ವಾರ ಕಳೆದು ಗೆರಟೆಗೆ ಬಂದದ್ದು ಹಾಲು ಹಾಕಿದ ಚಹಾ.

"ಇದೆಂತ ಮಾರಾಯ? ಗೇರಿನ ಒಳಗೆ ಹೋಟೆಲ್ ಇಟ್ಟಿದ್ದೀಯಾ?" ಎಂದರು ಮಾವ.

ಎಣ್ಣೆಗೆ ನೀರು ಸೇರಿದರೆ ಬರುವ ಬಣ್ಣ ಅದು. ಬಂದರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು, ಕೊಂಕಣಿ ಮಾತಾಡುವ ಹಿರಿಯರು. ಬಲೆಯ ನೈಲಾನ್ ದಾರ ಫ್ಯಾನಿನ ಹಿಂದೆ ಸುತ್ತಿಕೊಂಡು ಆಯಿಲ್ ಸೀಲನ್ನು ಕುಯ್ದಿರಬೇಕು, ನೂರಕ್ಕೆ ತೊಂಬತ್ತು ಸಲ ಅದೇ, ಎಂದರು. ಫ್ಯಾನು ತೆಗೆದರು. ದಾರ ಇರಲಿಲ್ಲ. ಆದರೂ ಸೀಲು ಬದಲಿಸಿದರು. ಅವರಿಗೆ ಕೆಲಸ ಕಡಿಮೆಯಾಗಲಿ ಎಂದು ನಾನು ಎಣ್ಣೆಯನ್ನು ಮನೆಯಲ್ಲೇ ಖಾಲಿ ಮಾಡಿ, ಎರಡೂ ಸ್ಕ್ರೂಗಳನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಎಣ್ಣೆ ತುಂಬಿಸಿದ ಮೇಲೆ ನಾನೇ ಬಿಗಿದೆ.

"ಇಂಜಿನಿಯರ್ರೇ, ವಾಶರ್ ಸರಿ ಉಂಟಲ್ಲ?" ಎಂದು ಅವರು ಕೇಳಿದ್ದು ನಿಜ.

"ಉಂಟುಂಟು," ಎಂದೆ. ಆ ಕ್ಷಣಕ್ಕೆ ಕಾರ್ಡಿನ ನೆನಪೇ ಇರಲಿಲ್ಲ ಎಂದು ಬರೆಯಬಹುದಿತ್ತು. ನೆನಪಿತ್ತು. ಬಂಗಾರದ ಅಂಚಿನ ಕಾರ್ಡನ್ನು ಆ ಮುದುಕರ ಕೈಗೆ ಕೊಟ್ಟು ನಗೆಪಾಟಲಾಗಲು ಮನಸ್ಸಿರಲಿಲ್ಲ, ಅಷ್ಟೇ.

ಮತ್ತೆ ಚಹಾ. ಮತ್ತೊಂದು ಸೀಲು. ಮತ್ತೂ ಚಹಾ. ದೋಷ ಸೀಲಿನದ್ದೇ ಎಂದು ನಂಬುವುದು ನನಗೂ ಅನುಕೂಲವಾಗಿತ್ತು. ಅಷ್ಟರಲ್ಲಿ ಮನೆಯ ಹೆಂಗಸರು ಇದು ದೃಷ್ಟಿ ತಾಗಿದ್ದೆಂದು ತೀರ್ಮಾನಿಸಿ ಮೋಟಾರಿಗೆ ನಿಂಬೆಹಣ್ಣು ಕಟ್ಟಿದರು. ಮೊದಲ ದಿನವೇ ಸಮುದ್ರ ಅದನ್ನು ಬಿಚ್ಚಿಕೊಂಡು ಹೋಯಿತು. ದೃಷ್ಟಿ ಸಮುದ್ರಕ್ಕೆ ತಗಲಿತೋ ಏನೋ, ಮರುದಿನ ಯಾರಿಗೂ ಮೀನು ಸಿಗಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅಳಿವೆಯ ಹತ್ತಿರ, ಹೊಳೆ ಸಮುದ್ರಕ್ಕೆ ಸೇರುವಲ್ಲಿ, ಗೇರು ಕಟಕಟ ಎಂದು ನಿಂತೇ ಹೋಯಿತು. ತಂಡೇಲನೂ ಉಳಿದವರೂ ಹುಟ್ಟು ಹಾಕಿ, ಅಲೆಗೆ ಅಡ್ಡ ಬೀಳದಂತೆ ದೋಣಿಯನ್ನು ದಡಕ್ಕೆ ತಂದರು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಗೇರಿಗೆ ಹಲ್ಲುಗಳೇ ಇಲ್ಲ, ತುಕ್ಕು ತಿಂದು ಉದುರಿದ್ದವು. ಅಂದೂ ಎಣ್ಣೆ ಖಾಲಿ ಮಾಡಿ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡವನು ನಾನೇ, ಆಮೇಲೆ ಕೆಳಗಿನದನ್ನು ತೆಗೆದು ನೋಡಿದೆ. ಮದುವೆ ಕಾಗದ ಹಸಿ ಹಿಟ್ಟಿನ ಹಾಗೆ ಆಗಿತ್ತು. ಉಗುರಿನಿಂದ ಕೆರೆದು ನೀರಿಗೆ ಚಿಮ್ಮಿದೆ. ನಾಲ್ಕು ಜನ ಅಳಿವೆಯಲ್ಲಿ ಸಾಯಬಹುದಿತ್ತು, ನನಗೆ ಹೊಳೆದದ್ದು ಯಾರಾದರೂ ನೋಡಿದರೋ ಎಂಬುದು ಮಾತ್ರ.

ಮೀನು ಮಾರ್ಕೆಟ್ಟಿನಲ್ಲಿ ಯಾರೋ ಮಾವನ ಕಿವಿಗೆ ಊದಿದರು: ತಂಡೇಲ ಅಳಿವೆಯ ಹೊಯ್ಗೆಯ, ಎಂದರೆ ಮರಳಿನ, ದಿಬ್ಬಕ್ಕೆ ಮೋಟಾರನ್ನು ಬಡಿದಿದ್ದಾನೆ, ಶಾಫ್ಟ್ ಸೊಟ್ಟಗಾಗಿ ನೀರು ನುಗ್ಗುತ್ತಿದೆ. ಮಾವನಿಗೆ ಬೇಕಾಗಿದ್ದದ್ದೂ ಅದೇ. ಕೈಕೆಳಗಿನವನು ಮೋಸ ಮಾಡಿದ ಎಂಬ ಕಥೆ ಅವರಿಗೆ ಬಾಯಿಪಾಠ.

"ಹೊಯ್ಗೆ ಎಲ್ಲ ದೋಣಿಯನ್ನೂ ಒಮ್ಮೊಮ್ಮೆ ಸವರ್ತದೆ ಧಣಿ," ಎಂದ ತಂಡೇಲ. "ಪೆಟ್ಟು ನಾನು ಹಾಕಿಲ್ಲ."

"ಹಾಗಾದ್ರೆ ಅದನ್ನೇ ದೈವದ ಎದುರು ಹೇಳು."

ಭೂನ್ಯಾಯಮಂಡಳಿಯಲ್ಲಿ ಸೋತ ಮೇಲೆ ಮಾವನಿಗೆ ನಂಬಿಕೆ ಉಳಿದಿದ್ದ ಕೋರ್ಟು ನಮ್ಮ ಮನೆಯ ದೈವದ್ದು ಒಂದೇ. ಅಲ್ಲಿ ವಕೀಲರಿಲ್ಲ, ವಾಯಿದೆ ಇಲ್ಲ. ದೈವದ ಕತ್ತಿ ಮುಟ್ಟಿ ಪ್ರಮಾಣ ಮಾಡಬೇಕು. ಸುಳ್ಳಾದರೆ ಅದು ಮಾಡಿದವನ ಮಕ್ಕಳಿಗೆ ತಾಗುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಸಂಕ್ರಾಂತಿಯ ದಿನ ಬೆಳಿಗ್ಗೆ ಅವನು ಬಿಳಿ ವಸ್ತ್ರ ಉಟ್ಟು, ಉಪವಾಸದಲ್ಲಿ ಬಂದ. ಚಾವಡಿಯಲ್ಲಿ ಮಾವ, ನಮ್ಮ ಬಂಧುಗಳು, ದೋಣಿಯ ಕಡೆಯ ಹಿರಿಯರು, ಎಲ್ಲ ಸೇರಿ ಹತ್ತು ಜನ. ಹನ್ನೊಂದನೆಯವನಾಗಿ ಕಂಬದ ಹಿಂದೆ ನಾನು. ಒಬ್ಬ ಹಿರಿಯರಿಗೆ ಏನು ತೋಚಿತೋ, "ಅಲ್ಲ, ವಾರ ವಾರ ಎಣ್ಣೆ ಬಿಚ್ಚುವುದು ನಿಮ್ಮ ಅಳಿಯ ಅಲ್ವಾ?" ಎಂದು ಕೇಳಿದರು.

ಮಾವ ನಕ್ಕುಬಿಟ್ಟರು. "ಅವ ಕಲಿತವ ಮಾರಾಯ್ರೆ!"

ತಂಡೇಲ ಒಮ್ಮೆ ನನ್ನ ಕಡೆ ನೋಡಿದ. ನಾನು ಆಗ ದೈವ, ದೇವರು ಎಲ್ಲ ಮೂಢನಂಬಿಕೆ ಎಂದು ಹಂಪನಕಟ್ಟೆಯ ಹೋಟೆಲಿನಲ್ಲಿ ಗೆಳೆಯರ ಎದುರು ಮೇಜು ಗುದ್ದಿ ಹೇಳುತ್ತಿದ್ದವನು. ಹಾಗಿದ್ದರೆ ಮುಂದೆ ಹೋಗಿ ಆ ಕತ್ತಿ ಮುಟ್ಟಿ ಸುಳ್ಳೇ ಹೇಳಬಹುದಿತ್ತು. ನಿಜ ಹೇಳುವುದು ಇನ್ನೂ ಸುಲಭವಿತ್ತು. ಎರಡನ್ನೂ ಮಾಡದೆ ಕಂಬಕ್ಕೆ ಒರಗಿ ನಿಂತೆ. ಅವನು ಕತ್ತಿ ಮುಟ್ಟಿದ. ಮುಟ್ಟುವ ಮೊದಲು ಒಮ್ಮೆ ಕೈ ಹಿಂದಕ್ಕೆ ತೆಗೆದಿದ್ದ. ಹೊಯ್ಗೆ ಸವರಿದ್ದು ಪೆಟ್ಟು ಎಂದು ದೈವ ಲೆಕ್ಕ ಹಾಕಿದರೆ ಏನು ಗತಿ ಎಂಬ ಹೆದರಿಕೆ ಅದು, ನನಗೆ ಚೆನ್ನಾಗಿ ಅರ್ಥವಾಯಿತು. "ನಾನು ಪೆಟ್ಟು ಹಾಕಿಲ್ಲ" ಎಂದು ಹೇಳಿ ಇಳಿದು ಹೋದ. ಮರುದಿನ ಕೆಲಸವನ್ನೂ ಬಿಟ್ಟ. ಪ್ರಮಾಣ ಮಾಡಿಸಿಕೊಂಡವರ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹೇಳಿ ಕಳುಹಿಸಿದನಂತೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೀ ಹೇಡಿಯಾಗಿ ಉಳಿಯುತ್ತಿದ್ದೆ. ಮಾವ ಹೊಸ ಗೇರು ಹಾಕಿಸಿದರು, ಹೊಸ ತಂಡೇಲ ಬಂದ. ನಾನು ಯಾರಿಗೂ ಹೇಳದೆ ಬಂದರಿಗೆ ಹೋಗಿ ಹೊಸ ಫೈಬರ್ ವಾಶರುಗಳನ್ನು ತಂದು ಹಾಕಿದೆ. ತಪ್ಪನ್ನು ಸರಿ ಮಾಡಿದೆನೆಂದು ಒಳಗೊಳಗೇ ಸಮಾಧಾನವೂ ಆಯಿತು. ಒಂದು ವಾರ, ಎರಡು ವಾರ, ಒಂದು ತಿಂಗಳು. ಎಣ್ಣೆ ಕೆಡಲಿಲ್ಲ, ಹನಿ ನೀರಿಲ್ಲ.

"ನೋಡಿದೆಯಾ!" ಎಂದರು ಮಾವ. "ಅವ ಹೋದ, ನೀರೂ ನಿಂತಿತು. ಸುಳ್ಳು ಪ್ರಮಾಣ ಮಾಡಿದ್ದಾನೆ ಬೇವರ್ಸಿ."

ಅಂದು ಚಾವಡಿಯಲ್ಲಿದ್ದ ಉಳಿದವರೆಲ್ಲರೂ ಹೌದೌದೆಂದರು. ಅವರಿಂದ ಬಂದರಿಗೆ, ಬಂದರಿನಿಂದ ಉಳ್ಳಾಲಕ್ಕೆ ಮಾತು ಹೋಯಿತು. ಯಾವ ದೋಣಿಯವರೂ ಅವನನ್ನು ತಂಡೇಲ ಮಾಡಿಕೊಳ್ಳಲಿಲ್ಲ. ದೈವದ ಸಿಟ್ಟು ಇರುವವನನ್ನು ಕೂರಿಸಿಕೊಂಡು ಅಳಿವೆ ದಾಟಲು ಯಾರಿಗೆ ಧೈರ್ಯ? ನಾನು ಹಾಕಿದ ಒಳ್ಳೆಯ ವಾಶರೇ ಅವನ ಮೇಲಿನ ಸಾಕ್ಷಿಯಾಯಿತು.

ಒಂದು ಶನಿವಾರ ಬಸ್ಸು ಹತ್ತಿ ಉಳ್ಳಾಲಕ್ಕೆ ಹೋದೆ. ಅವನು ಜಗಲಿಯಲ್ಲಿ ಕೂತು ಬೇರೆ ಯಾರದೋ ಬಲೆ ನೇಯುತ್ತಿದ್ದ. ಪಕ್ಕದಲ್ಲಿ ಸೀರೆಯ ತೊಟ್ಟಿಲಲ್ಲಿ ಮಗು ಮಲಗಿತ್ತು. ನಾನು ನಿಂತೇ ಎಲ್ಲವನ್ನೂ ಹೇಳಿದೆ: ವಾಶರು, ಕಾರ್ಡು, ನೀರಿಗೆ ಎಸೆದದ್ದು. ಬೈಯುತ್ತಾನೆ, ಹೊಡೆದರೂ ಹೊಡೆಯಲಿ, ಹಗುರವಾಗಿ ಮನೆಗೆ ಹೋಗುತ್ತೇನೆ ಎಂಬುದು ನನ್ನ ಲೆಕ್ಕಾಚಾರ.

ಅವನು ಬಲೆ ಕೆಳಗಿಡಲಿಲ್ಲ. "ನೀವೇ ಅಂತ ನನಗೆ ಗೊತ್ತಿತ್ತು," ಎಂದ. "ವಾರ ವಾರ ಬಿಚ್ಚುವವರು ಬೇರೆ ಯಾರುಂಟು?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ನಂಬ್ತಿದ್ರಾ? ನೀವು ಹೇಳ್ತೀರಿ ಅಂತ ಕಾದೆ. ಕತ್ತಿ ಮುಟ್ಟುವವರೆಗೂ ಕಾದೆ." ತೊಟ್ಟಿಲಿನಿಂದ ಒಂದು ಸಣ್ಣ ಸದ್ದು ಬಂತು. ಅವನು ಕೈ ಚಾಚಿ ತೂಗಿದ. "ಇದು ಒಂದು ಸಲ ಕೆಮ್ಮಿದ್ರೆ ಸಾಕು ಸಣ್ಣ ಧಣಿ, ಸುಳ್ಳು ಪ್ರಮಾಣದ್ದು ಅಂತ ಊರಲ್ಲಿ ಹೇಳ್ತಾರೆ. ಮೊನ್ನೆ ಜ್ವರ ಬಂದಾಗ ನನ್ನ ಹೆಂಡತಿಯೇ ಕೇಳಿದ್ಳು, ನಿಜವಾಗಿ ಪೆಟ್ಟು ಹಾಕಿಲ್ವಾ ನೀವು, ಅಂತ."

ನನಗೆ ಅಳು ಬಂತು. ಕ್ಷಮಿಸು ಎಂದೆ.

"ನನಗೆ ಯಾಕೆ ಹೇಳ್ತೀರಿ? ನನಗೆ ಗೊತ್ತುಂಟಲ್ಲ. ನಾನು ಹತ್ತು ಜನರ ಎದುರು ಹೇಳಿದ್ದು. ನೀವೂ ಆ ಹತ್ತು ಜನರ ಎದುರು ಹೇಳಿ."

ಆಗಲಿ ಎಂದೆ. ನಾಳೆಯೇ ಹೇಳುತ್ತೇನೆ ಎಂದೂ ಸೇರಿಸಿದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೂ ಬಂದೆ. ಮರುದಿನ ಮಾವನಿಗೆ ಮೈ ಸರಿಯಿರಲಿಲ್ಲ, ಆಮೇಲೆ ಮಳೆಗಾಲ ಬಂತು, ಆಮೇಲೆ ನನಗೆ ಕೆಲಸ ಸಿಕ್ಕಿತು. ನೆಪಗಳಿಗೆ ಬರಗಾಲವೇ ಇರಲಿಲ್ಲ.

ಆ ಹತ್ತು ಜನರೂ ಒಬ್ಬೊಬ್ಬರಾಗಿ ತೀರಿಕೊಂಡರು. ಎಲ್ಲರ ಉತ್ತರಕ್ರಿಯೆಯ ಬೊಜ್ಜಕ್ಕೂ ತಪ್ಪದೆ ಹೋಗಿದ್ದೇನೆ, ಪಂಕ್ತಿಯಲ್ಲಿ ಕೂತು ಊಟ ಮಾಡಿ ಬಂದಿದ್ದೇನೆ. ಒಬ್ಬರಿಗೂ ಹೇಳಲಿಲ್ಲ.