ಮರಳುಗಾಡಿನಿಂದ ಬಂದವಳಿಗೆ ಆಸರಿಗೆ

ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ದೆವ್ವದ ಕಥೆ ಹೇಳುವವರನ್ನು ಕಂಡರೆ ಎದ್ದು ಹೋಗುವ ಪೈಕಿ ನಾನು. ಆದರೆ ಕಳೆದ ಮಳೆಗಾಲದಲ್ಲಿ, ಸಾಗರದ ನನ್ನ ಮನೆಯಲ್ಲಿ, ಇದು ನನ್ನ ಕಣ್ಣೆದುರೇ ನಡೆಯಿತು.

ಹಳೆಯ ಕೆತ್ತನೆ, ಬಣ್ಣದ ಹಲಗೆಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು. ರಾಜಸ್ಥಾನದ ಮರಳುಗಾಡಿನ ಒಂದು ಹಳೆಯ ಹವೇಲಿಯಿಂದ ಬಾಗಿಲ ಹಲಗೆಯೊಂದು ಬಂದಿತ್ತು. ಅದರ ಮೇಲೆ ಒಬ್ಬ ಹೆಂಗಸಿನ ಚಿತ್ರ. ಆ ಮನೆಯ ಬೇರೆ ಚಿತ್ರಗಳ ಮುಖವನ್ನೆಲ್ಲ ಬಿಸಿಲು, ಮರಳುಗಾಳಿ ತಿಂದು ಹಾಕಿದ್ದವು. ಉಳಿದಿದ್ದು ಇವಳ ಮುಖ ಒಂದೇ. ಒಣಹವೆಗೆ ಒಗ್ಗಿದ ಬಣ್ಣ ನಮ್ಮ ಮಲೆನಾಡಿನ ಥಂಡಿ ಕುಡಿದರೆ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಅದಕ್ಕೇ ಕೋಣೆ ಮುಚ್ಚಿ, ತೇವ ಎಳೆಯುವ ಯಂತ್ರ ಹಾಕಿ, ತೇವ ಅಳೆಯುವ ಮೀಟರ್ ಇಟ್ಟಿದ್ದೆ. ಒಳಗೆ ಒಂದು ಲೋಟ ನೀರನ್ನೂ ಒಯ್ಯುವಂತಿರಲಿಲ್ಲ.

ನಮ್ಮಲ್ಲಿ ಹೊಸಿಲು ದಾಟಿ ಬಂದವರನ್ನು ಮೊದಲು ಆಸರಿಗೆ, ಅಂದರೆ ಕುಡಿಯಲು ಏನಾದರೂ, ಬೇಕೇ ಎಂದು ಕೇಳುತ್ತೇವೆ. ಪೆಟ್ಟಿಗೆ ಬಿಚ್ಚಿದ ದಿನ, ಅದೇ ಅಭ್ಯಾಸದಲ್ಲಿ, ತಮಾಷೆಗೆ ಅವಳನ್ನೂ ಕೇಳಿಬಿಟ್ಟೆ.

"ಆಸ್ರಿಗೆ ಬೇಕೇನೆ?"

ಹೆಂಡತಿ ಸುಮಿತ್ರಾ ನಗಲಿಲ್ಲ. ಕೊಡಲಾಗದಿದ್ದರೆ ಕೇಳಬಾರದು ಎಂದು ಗೊಣಗುತ್ತಾ ಹೋದಳು.

ಆ ರಾತ್ರಿ ಕರೆಂಟು ಹೋಯಿತು. ಯಂತ್ರ ನಿಂತಿತು. ಹೊರಗೆ ಮಳೆ ಹೊಯ್ಯುತ್ತಿತ್ತು. ಇನ್ನೇನು ತೇವ ಏರುತ್ತದೆಂದು ಗಾಬರಿಯಾಗಿ ಟಾರ್ಚ್ ಹಿಡಿದು ಓಡಿದೆ...

ಮೀಟರಿನ ಮುಳ್ಳು ಇಳಿಯುತ್ತಿತ್ತು. ಕೋಣೆ ಇನ್ನಷ್ಟು ಒಣಗುತ್ತಿತ್ತು.

ಕೋಣೆಯಲ್ಲಿ ಕಾದ ಧೂಳಿನ ವಾಸನೆ. ನನ್ನ ನಾಲಗೆ ಅಂಗುಳಕ್ಕೆ ಅಂಟಿತು. ತುಟಿ ಒಡೆದು ರಕ್ತದ ರುಚಿ ಬಂತು. ಆಮೇಲೆ ಆ ಸದ್ದು... ಚಿಟ್... ಚಿಟ್... ಅವಳ ತುಟಿಯ ಬಣ್ಣ ಸುರುಳಿಯಾಗಿ ಮೇಲೇಳುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಮುಖವೇ ನೆಲಕ್ಕೆ ಉದುರುತ್ತಿತ್ತು.

ತಿರುಗಿದರೆ ಸುಮಿತ್ರಾ ನಿಂತಿದ್ದಳು, ಕೈಯಲ್ಲಿ ನೀರು ತುಂಬಿದ ತಂಬಿಗೆ, ಬೆಲ್ಲದ ತುಂಡು. ನಾನು ಅಡ್ಡ ನಿಂತೆ. ಹತ್ತಿರ ತರಬೇಡ, ಬಣ್ಣ ಹೋದರೆ ಮತ್ತೆ ಬರುವುದಿಲ್ಲ ಎಂದೆ.

"ಕೇಳಿದ್ದು ನೀವೇ ಅಲ್ದಾ?" ಅವಳು ಪಿಸುಗುಟ್ಟಿದಳು. "ಕಾಯ್ತಾ ಇದ್ದಾಳೆ. ಸರೀರಿ ಆಚೆ."

ಸರಿದೆ. ತಂಬಿಗೆಯನ್ನು ನೆಲಕ್ಕಿಟ್ಟದ್ದೇ ಚಿಟಚಿಟ ನಿಂತಿತು. ಆಮೇಲೆ ಕತ್ತಲಲ್ಲಿ... ಗುಟುಕು ಗುಟುಕಾಗಿ, ಅವಸರವಿಲ್ಲದೆ... ಯಾರೋ ನುಂಗುವ ಸದ್ದು. ಟಾರ್ಚ್ ಎತ್ತಲು ನನಗೆ ಧೈರ್ಯ ಬರಲಿಲ್ಲ.

ಬೆಳಗ್ಗೆ ನೋಡಿದರೆ ತಂಬಿಗೆ ಖಾಲಿ, ತಳ ಒಣಗಿತ್ತು. ಬೆಲ್ಲಕ್ಕೆ ಒಂದು ಇರುವೆಯೂ ಮುತ್ತಿರಲಿಲ್ಲ. ನಾನು ಅಂಟು ಮುಟ್ಟಿಸದೆಯೇ ತುಟಿಯ ಬಣ್ಣ ಮರಕ್ಕೆ ಕಚ್ಚಿಕೊಂಡು ಕೂತಿತ್ತು.

ಕೆಲಸ ಮುಗಿಸಿ ಹಲಗೆಯನ್ನು ವಾಪಸು ಕಳಿಸಿದೆ. ಈಗ ಅವಳು ಗಾಜಿನ ಹಿಂದೆ, ಮರಳು ನುಸುಳದ ಕೋಣೆಯಲ್ಲಿದ್ದಾಳೆ. ಹತ್ತಿರಕ್ಕೆ ನೀರು ತರಲೇಬೇಡಿ ಎಂದು ಅಲ್ಲಿಯವರಿಗೆ ಹೇಳಿದವನು ನಾನೇ. ಚಿತ್ರ ಉಳಿಯಬೇಕಾದರೆ ಇನ್ನೇನು ಹೇಳಲಿ? ಆದರೂ ಕೆಲವು ರಾತ್ರಿ ಬಾಯಾರಿ ಎಚ್ಚರವಾಗುತ್ತದೆ... ಎಷ್ಟು ಕುಡಿದರೂ ತಣಿಯುವುದಿಲ್ಲ. ಆ ಬಾಯಾರಿಕೆ ನನ್ನದಲ್ಲವೇನೋ ಎಂದು ಭಯವಾಗುತ್ತದೆ.