ಒಣಮೀನಿಗೂ ಯೂನಿಫಾರ್ಮಿಗೂ ಇರಬೇಕಾದ ದೂರ

ಕೇಳಿ ನಗಬೇಡಿ, ಮಣಿಪಾಲದ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ನನ್ನ ಅಮ್ಮನನ್ನು ಕೂರಿಸಿದ್ದೇನೆ. ಅದೂ ಎಲ್ಲರಿಗಿಂತ ಮೇಲಿನ ಸಾಲಿನಲ್ಲಿ.

ನನ್ನ ಕೆಲಸ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ. ಆ ಹಸಿರು ಹಲಗೆಯ ಮೇಲೆ ಕರೆಂಟು ಓಡಾಡುವ ತಾಮ್ರದ ಗೆರೆಗಳಿರುತ್ತವಲ್ಲ, ಅವುಗಳಿಗೆ ದಾರಿ ಹಾಕಿಕೊಡುವವಳು ನಾನು. ಯಾವ ಗೆರೆ ಯಾವುದರಿಂದ ಎಷ್ಟು ದೂರ ಇರಬೇಕೆಂದು ಸಾಫ್ಟ್‌ವೇರಿಗೆ ಮೊದಲೇ ನಿಯಮ ಬರೆದುಕೊಡಬೇಕು. ಮೀರಿದರೆ ಅದು ಪರದೆಯ ಮೇಲೆ ಕೆಂಪು ಚುಕ್ಕೆ ಇಟ್ಟು ಚಾಡಿ ಹೇಳುತ್ತದೆ. ನಿಯಮಗಳಿಗೆ ಅದು ತಾನಾಗಿ ಕೊಡುವ ಹೆಸರು ಬರೀ ನಂಬರು, ಕೈದಿಗಳಿಗೆ ಕೊಟ್ಟ ಹಾಗೆ. ನನಗದು ಸೇರುವುದಿಲ್ಲ. ಹಾಗಾಗಿ ಗೆರೆ ದಪ್ಪಗಿರಬೇಕೆಂಬ ನಿಯಮಕ್ಕೆ ‘ದೊಡ್ಡಮ್ಮ’ ಎಂದು ಹೆಸರಿಟ್ಟಿದ್ದೇನೆ. ದೇವರ ದಯೆ, ಅವರಿಗೆ ಇನ್ನೂ ಗೊತ್ತಾಗಿಲ್ಲ. ಎಲ್ಲಕ್ಕಿಂತ ಮೇಲಿರುವುದು ‘ಅಮ್ಮ’.

ಆ ನಿಯಮ ಹುಟ್ಟಿದ್ದು ಹೆಜಮಾಡಿಯ ನಮ್ಮ ಮನೆಯಂಗಳದಲ್ಲಿ. ಅಮ್ಮ ಕಾಪುವಿನಲ್ಲಿ ಮೀನು ಮಾರುವವಳು. ಉಳಿದದ್ದಕ್ಕೆ ಉಪ್ಪು ಹಾಕಿ ಅಂಗಳದಲ್ಲಿ ಒಣಗಿಸುತ್ತಿದ್ದಳು. ಬಟ್ಟೆ ಒಣಗುವುದೂ ಅಲ್ಲೇ. ಲುಂಗಿ, ಸೀರೆ, ಟವೆಲು ಮೀನಿನಿಂದ ಒಂದು ಮಾರು ದೂರ ಇದ್ದರೆ ಸಾಕಿತ್ತು. ನನ್ನ ಯೂನಿಫಾರ್ಮಿಗೆ ಮಾತ್ರ ಮನೆಯ ಆಚೆ ಬದಿಯಲ್ಲಿ ಬೇರೆಯೇ ಹಗ್ಗ. “ಮೀನು ಮಾರುವುದು ನಾನು. ವಾಸನೆ ಅಂತ ಹೇಳಿ ಯಾರೂ ನನ್ನ ಮಗಳಿಂದ ದೂರ ಕೂರಬಾರದು” ಎನ್ನುತ್ತಿದ್ದಳು. ಯಾರೂ ಕೂರಲಿಲ್ಲ. ಒಬ್ಬಿಬ್ಬರು ದೂರ ಕೂತಿದ್ದರೆ ಅದು ನನ್ನ ಬಾಯಿಗೆ ಹೆದರಿ.

ಸಾಫ್ಟ್‌ವೇರಿನಲ್ಲೂ ಹೀಗೇ. ಎಲ್ಲ ಗೆರೆಗಳಿಗೆ ಒಂದು ಸಾಮಾನ್ಯ ನಿಯಮ, ನಾಜೂಕಿನ ಗೆರೆ ಇನ್ನೂ ದೂರ ಇರಬೇಕೆಂಬ ವಿಶೇಷ ನಿಯಮ, ಅದೇ ‘ಅಮ್ಮ’. ವಿಶೇಷವನ್ನು ಮೇಲಿಡಬೇಕು. ಕೆಳಗಿಟ್ಟರೆ ಸಾಫ್ಟ್‌ವೇರು ಸಾಮಾನ್ಯವನ್ನು ಓದಿ, ಇಷ್ಟೇ ತಾನೇ ಎಂದು ಎದ್ದು ಹೋಗುತ್ತದೆ. ನಮ್ಮ ಬಸ್ಸಿನ ಕಂಡಕ್ಟರುಗಳಿಗೂ ಇದು ಗೊತ್ತುಂಟು. ಜನ ಎಲ್ಲಿ ಬೇಕಾದರೂ ಕೂರಲಿ, ಮೀನಿನ ಬುಟ್ಟಿ ಮಾತ್ರ ಹಿಂದಿನ ಬಾಗಿಲಿಗೆ.

ಕಳೆದ ಮಳೆಗಾಲದಲ್ಲಿ ಮೀನುಗಾರಿಕೆಯ ಬೋಟುಗಳಿಗೆ ಒಂದು ಅಲಾರಾಂ ಮಾಡುತ್ತಿದ್ದೆವು. ಎಂಜಿನ್ ಬಿಸಿಯಾದರೆ ಅದು ಕೂಗಬೇಕು. ಬೋಟುಗಳು ಕಡಲಿಗಿಳಿಯುವ ಮೊದಲು ಬೋರ್ಡು ಕೊಡಬೇಕಿತ್ತು. ಶಾಖ ಅಳೆಯುವ ಗೆರೆ ಬಲು ನಾಜೂಕು, ಬ್ಯಾಟರಿಯ ಗೆರೆ ಒರಟು. ಎರಡರ ನಡುವೆ ಉಪ್ಪುಗಾಳಿಯ ತೇವ ಕೂತರೆ ಕರೆಂಟು ಸೋರುತ್ತದೆ, ಅಲಾರಾಂ ಕೂಗಬೇಕಾದಾಗ ಬಾಯಿ ಮುಚ್ಚಿಕೊಂಡಿರುತ್ತದೆ. ನಮ್ಮವರೇ ಹೋಗುವ ಬೋಟುಗಳವು. ಹಾಗಾಗಿ ಅಲ್ಲಿ ‘ಅಮ್ಮ’ ಇದ್ದಳು. ಆದರೆ ಬೋರ್ಡು ಕೂರಬೇಕಾದ ಡಬ್ಬಿ ಚಿಕ್ಕದು, ಬೋರ್ಡಿನ ತುಂಬ ಕೆಂಪು ಚುಕ್ಕೆ.

ನಮ್ಮ ಸಾಹೇಬರು ಬಂದು ನೋಡಿದರು. ಮೌಸ್ ಹಿಡಿದು ‘ಅಮ್ಮ’ನನ್ನು ಪಟ್ಟಿಯ ಕೆಳಕ್ಕೆ ಎಳೆದರು. ಚುಕ್ಕೆಗಳೆಲ್ಲ ಮಾಯ!

“ಈಗ ಸರಿ ಉಂಟಲ್ಲ ಮಾರಾಯ್ರೆ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಚುಕ್ಕೆ ಹೋಯಿತು ಸಾರ್, ತಪ್ಪು ಅಲ್ಲೇ ಉಂಟು. ಸಂಜೆವರೆಗೆ ಬಿಡಿ” ಎಂದು ಅಮ್ಮನನ್ನು ಮತ್ತೆ ಮೇಲೆ ಕೂರಿಸಿದೆ.

ಮಧ್ಯಾಹ್ನದವರೆಗೂ ಗೆರೆಗಳನ್ನು ಅತ್ತಿತ್ತ ದೂಡಿದ್ದೇ ಬಂತು. ಕೊನೆಗೆ ಹೊಳೆಯಿತು. ಅಮ್ಮನೇನು ಅಂಗಳ ದೊಡ್ಡದು ಮಾಡಿದ್ದಳಾ? ಹಗ್ಗವನ್ನೇ ಆಚೆ ಬದಿಗೆ ಕಟ್ಟಿದ್ದಳು! ಶಾಖದ ವೈರು ಬಂದು ಸೇರುವ ಜಾಗವನ್ನೇ ಬೋರ್ಡಿನ ಎದುರು ತುದಿಗೆ ಒಯ್ದೆ. ಡಬ್ಬಿಗೆ ಇನ್ನೊಂದು ತೂತು ಬೇಕಾಯಿತು, ಅಷ್ಟೇ. “ತೂತು ತಾನೇ, ಕೊರೆಸುವ” ಎಂದರು ಸಾಹೇಬರು. ಆ ಬೋರ್ಡುಗಳು ಈಗ ಕಡಲಲ್ಲಿವೆ. ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ, ಹೆಮ್ಮೆಯೇ.

ಆ ವಾರವೇ ಭಾನುವಾರ ಮನೆಯಲ್ಲಿ ಅಮ್ಮನಿಗೆ ಮೊಬೈಲಿನಲ್ಲಿ ಆ ಪರದೆಯ ಫೋಟೋ ತೋರಿಸಿದೆ. ‘ಅಮ್ಮ’ ಎಂಬ ಹೆಸರಿನ ಮುಂದೆ ಸೊನ್ನೆ.

“ಎಂತ, ಇಷ್ಟು ಓದಿಸಿದ್ದಕ್ಕೆ ನನಗೆ ಸೊನ್ನೆಯಾ?” ಎಂದಳು ತುಳುವಿನಲ್ಲಿ.

“ನಿನ್ನ ಮಾತು ಮೀರಿದವರು ಒಬ್ಬರೂ ಇಲ್ಲ ಅಂತ ಅರ್ಥ, ಅಮ್ಮಾ.”

“ಹಾಗಾದರೆ ಅದು ಈ ಮನೆಯ ಲೆಕ್ಕ ಅಲ್ಲ ಬಿಡು” ಎಂದು ಮುಖ ತಿರುಗಿಸಿದಳು. ನಗು ಮಾತ್ರ ಕಂಡೇ ಕಂಡಿತು.

ಮರುದಿನ ಬುತ್ತಿಗೆ ಒಣ ಸಿಗಡಿ ಚಟ್ನಿ ಹಾಕಿಕೊಟ್ಟಳು, ಬಟ್ಟೆಗೆ ತಾಗಿಸಬೇಡ ಎಂಬ ಎಚ್ಚರಿಕೆಯ ಸಮೇತ. ಮಧ್ಯಾಹ್ನ ಆಫೀಸಿನಲ್ಲಿ ಮುಚ್ಚಳ ತೆಗೆದದ್ದೇ ತಡ, ಕೋಣೆ ತುಂಬ ನಮ್ಮ ಅಂಗಳದ ವಾಸನೆ. ಮೊದಲು ಕುರ್ಚಿ ಎಳೆದುಕೊಂಡು ಬಂದವರು ಸಾಹೇಬರು, ಅವರ ಹಿಂದೆ ಉಳಿದವರೆಲ್ಲ.

ಯಾರೂ ದೂರ ಕೂರಲಿಲ್ಲ ಅಮ್ಮಾ, ಕೂರಲು ಜಾಗವೇ ಸಾಲಲಿಲ್ಲ.